ಶಿಳ್ಳೆ ಐನೋರು

ಜೆ.ಪಿ. ನಗರ ಏಳನೇ ಫೇಸಿನ ಆ ಅಪಾರ್ಟ್‌ಮೆಂಟಿಗೆ ಹೋಗಿ ಚಕ್ರಪಾಣಿಯವರ ಮನೆ ಯಾವುದು ಎಂದು ಕೇಳಿದರೆ ವಾಚ್‌ಮನ್ ತಲೆ ಕೆರೆದುಕೊಳ್ಳುತ್ತಾನೆ. ಸೈಂಟಿಸ್ಟ್ ಅಂಕಲ್ ಎಂದರೆ ಸಾಕು, ತಾನೇ ಬಂದು ಮೂರನೇ ಮಹಡಿಗೆ ಲಿಫ್ಟಿನ ಗುಂಡಿ ಒತ್ತಿ ಕಳಿಸುತ್ತಾನೆ. ಎಪ್ಪತ್ತೆರಡು ವರ್ಷ, ತೆಳ್ಳನೆಯ ಮೈ, ಇಸ್ತ್ರಿ ಕೆಡದ ಷರಟು. ಕಾಂಪೌಂಡಿನಲ್ಲಿ ಯಾರಿಗೆ ಬ್ಲಡ್ ರಿಪೋರ್ಟ್ ಬಂದರೂ ಮೊದಲು ಅವರ ಕೈಗೆ ಕೊಡುವುದು ವಾಡಿಕೆ. ಅವರು ಕನ್ನಡಕ ಸರಿ ಮಾಡಿಕೊಂಡು, ಕಾಗದವನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, "ಯಾವುದಕ್ಕೂ ಡಾಕ್ಟರನ್ನ ಒಂದ್ಸಲ ಕೇಳಿಬಿಡಿ" ಎನ್ನುತ್ತಾರೆ. ರಿಟೈರಾದ ಮೇಲಿನ ಹದಿನಾಲ್ಕು ವರ್ಷವನ್ನು ಈ ಒಂದೇ ಮಾತಿನಲ್ಲಿ ತಳ್ಳಿದ್ದಾರೆ, ಪುಣ್ಯಾತ್ಮರು.

ಅವರು ಸೈಂಟಿಸ್ಟ್ ಅಲ್ಲ. ಮುಚ್ಚಿಟ್ಟುಕೊಂಡು ಕೊನೆಗೆ ಹೇಳುವ ಅಭ್ಯಾಸ ನನಗಿಲ್ಲ, ಈಗಲೇ ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ರೇಸ್ ಕೋರ್ಸಿನಲ್ಲಿ ಅವರು ಮಾಡಿದ ಕೆಲಸ, ಶಿಳ್ಳೆ ಹೊಡೆದು ಕುದುರೆಗಳಿಗೆ ಉಚ್ಚೆ ಹೊಯ್ಯಿಸುವುದು. ನಗಬೇಡಿ. ಗೆದ್ದ ಕುದುರೆಗೆ ಯಾವುದಾದರೂ ಔಷಧಿ ಕೊಟ್ಟು ಓಡಿಸಿದ್ದಾರೋ ಏನೋ ಎಂದು ಪರೀಕ್ಷೆ ಮಾಡಬೇಕಲ್ಲ? ಅದಕ್ಕೆ ರೇಸು ಮುಗಿದ ಕೂಡಲೇ ಕುದುರೆಯನ್ನು ಹುಲ್ಲು ಹಾಸಿದ ಒಂದು ಕೋಣೆಗೆ ತಂದು ನಿಲ್ಲಿಸುತ್ತಾರೆ. ಉದ್ದ ಕೋಲಿನ ತುದಿಗೆ ಬಟ್ಟಲು ಕಟ್ಟಿಕೊಂಡು ಒಬ್ಬ ಕಾಯುತ್ತಾನೆ. ಬೈದರೆ, ಗದರಿದರೆ, ಅವಸರ ಮಾಡಿದರೆ ಕುದುರೆ ಬಿಗಿದುಕೊಂಡು ನಿಂತುಬಿಡುತ್ತದೆ. ಶಿಳ್ಳೆಯೊಂದೇ ದಾರಿ. ಅದೂ ಸಿನಿಮಾ ಥಿಯೇಟರಿನ ಶಿಳ್ಳೆಯಲ್ಲ, ನಲ್ಲಿಯನ್ನು ಸಣ್ಣಗೆ ಬಿಟ್ಟ ಹಾಗೆ, ಮೆಲ್ಲಗೆ, ಇಳಿದುಕೊಂಡು ಹೋಗುವಂಥದ್ದು. ಬೇರೆಯವರಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿದ್ದದ್ದು ಚಕ್ರಪಾಣಿಗೆ ಐದಾರು ನಿಮಿಷದ ಕೆಲಸ. ಲಾಯದ ಜನರೆಲ್ಲ ಅವರನ್ನು ಕರೆಯುತ್ತಿದ್ದದ್ದು ಶಿಳ್ಳೆ ಐನೋರು ಎಂದು.

ಹೆಂಡತಿ ವಿಮಲಾಗೆ ಇದು ಗೊತ್ತಿರಲಿಲ್ಲ. ಅಂದರೆ, ಗೊತ್ತಿಲ್ಲ ಎಂದು ಚಕ್ರಪಾಣಿ ನಂಬಿದ್ದರು. ಅವರಾಗಿ ಸುಳ್ಳು ಹೇಳಿದವರಲ್ಲ. ಹೆಣ್ಣು ನೋಡಲು ಬಸವನಗುಡಿಗೆ ಹೋದ ದಿನ ಸೋದರಮಾವ ಬೋಂಡ ಅಗಿಯುತ್ತ, "ಹುಡುಗ ಲ್ಯಾಬಲ್ಲಿದಾನೆ" ಎಂದುಬಿಟ್ಟರು. ಹುಡುಗಿಯ ಅಪ್ಪ ಹೆಡ್‌ಮಾಸ್ಟರು. ಲ್ಯಾಬ್ ಎಂದರೆ ವಿಜ್ಞಾನ, ವಿಜ್ಞಾನ ಎಂದರೆ ವಿಜ್ಞಾನಿ ಎಂದು ಲೆಕ್ಕ ಹಾಕಿ, ಒಳಗೆ ಹೋಗಿ ಹೆಂಡತಿಗೆ ಹೇಳಿಯೂಬಿಟ್ಟರು. ಬಿ.ಎಸ್ಸಿಯಲ್ಲಿ ಎರಡು ಪೇಪರು ಬಾಕಿ ಉಳಿಸಿಕೊಂಡಿದ್ದ ಚಕ್ರಪಾಣಿ ನಾಳೆ ಹೇಳೋಣ ಅಂದುಕೊಂಡರು. ನಾಳೆ ನಿಶ್ಚಿತಾರ್ಥವಾಯಿತು, ಆಮೇಲೆ ಮದುವೆಯಾಯಿತು, ಮಗನಾದ. ಮಗ ಸ್ಕೂಲಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ವಿಜ್ಞಾನಿ ಎಂದು ಬರೆದ.

ಹೀಗೆ ಸಿಕ್ಕಿಕೊಂಡವನ ಪಾಡು ದೇವರಿಗೇ ಪ್ರೀತಿ. ಮನೆಯಿಂದ ಇಸ್ತ್ರಿ ಬಟ್ಟೆಯಲ್ಲಿ ಹೊರಡುವುದು, ಅಲ್ಲಿ ಖಾಕಿ ಹಾಕುವುದು, ಸಂಜೆ ಲಾಯದ ತೊಟ್ಟಿಯ ಹತ್ತಿರ ಸೋಪು ಹಚ್ಚಿ ಸ್ನಾನ ಮಾಡಿ ಮತ್ತೆ ಇಸ್ತ್ರಿ ಬಟ್ಟೆಗೆ ಬರುವುದು. ಆ ಖಾಕಿಯನ್ನು ಒಗೆಯುತ್ತಿದ್ದವಳು ಉತ್ತರಹಳ್ಳಿಯ ಸೊಣ್ಣಮ್ಮ. ಅವಳ ಗಂಡ ಬೈರಣ್ಣ ಲಾಯದಲ್ಲಿ ಕುದುರೆ ನೋಡಿಕೊಳ್ಳುವವನು. ಚಕ್ರಪಾಣಿಗೆ ಶಿಳ್ಳೆ ಕಲಿಸಿದವನೂ ಅವನೇ. "ನಿಮ್ಮ ಮನೇಲಿ ಒಗೆಯೋಕಾಗಲ್ವಲ್ಲ, ಕೊಡಿ ಇಲ್ಲಿ" ಎಂದು ಚಕ್ರಪಾಣಿಯ ಮದುವೆಯಾದ ಮೊದಲ ವಾರವೇ ಖಾಕಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿದ್ದ. ರಿಟೈರಾಗುವವರೆಗೂ ಒಂದು ವಾರವೂ ತಪ್ಪಲಿಲ್ಲ. ಹಾಗಿದ್ದ ಬೈರಣ್ಣನನ್ನು ಚಕ್ರಪಾಣಿ ಒಂದು ದಿನ ಮನೆಗೆ ಕಾಫಿಗೆ ಕರೆದವರಲ್ಲ, ಮಗನ ಮದುವೆಗೂ ಕರೆಯಲಿಲ್ಲ. ಇದು ಅವರಿಗೆ ಚುಚ್ಚುತ್ತಿತ್ತು, ಆದರೆ ಚುಚ್ಚಿಸಿಕೊಂಡೇ ಇದ್ದರು.

ಈಗ ಆ ಶನಿವಾರದ ವಿಷಯಕ್ಕೆ ಬರುತ್ತೇನೆ. ಅಪಾರ್ಟ್‌ಮೆಂಟಿನ ಹಿರಿಯರ ಸಂಘಕ್ಕೆ ಗೌರೀಶಂಕರ ಎಂಬ ಕಾರ್ಯದರ್ಶಿ ಇದ್ದಾರೆ, ಬ್ಯಾಂಕಿನಲ್ಲಿದ್ದವರು, ಸುಮ್ಮನೆ ಕೂತರೆ ಅವರಿಗೆ ಮೈ ನವೆ. ಯಾರನ್ನೋ ಹಿಡಿದು, ರೇಸ್ ಕೋರ್ಸಿನ ಒಳಗಡೆಯೆಲ್ಲ ತೋರಿಸಲು ಪರ್ಮಿಶನ್ ತಂದುಬಿಟ್ಟರು. ಜನ ಕೂತು ನೋಡುವ ಜಾಗವಲ್ಲ, ಲಾಯ, ಜಾಕಿಗಳ ತೂಕ ನೋಡುವ ಕೋಣೆ, ಕುದುರೆಗೆ ಜೀನು ಬಿಗಿಯುವ ಅಂಗಳ, ಎಲ್ಲ. "ನಮ್ಮ ಸೈಂಟಿಸ್ಟೇ ಇರೋವಾಗ ಗೈಡ್ ಯಾಕ್ ಬೇಕು ಸಾರ್" ಎಂದು ಲಿಫ್ಟಿನಲ್ಲೇ ಘೋಷಿಸಿದರು.

ಚಕ್ರಪಾಣಿ ಮಂಡಿ ನೋವು ಎಂದರು. ಬಿಪಿ ಎಂದರು. ಏಕಾದಶಿ ಎಂದೂ ನೋಡಿದರು, ಅವತ್ತು ದ್ವಾದಶಿ. ವಿಮಲಮ್ಮ ಒಂದಕ್ಕೂ ಜಗ್ಗಲಿಲ್ಲ. "ಮೂವತ್ತೊಂದು ವರ್ಷ ಕೆಲಸ ಮಾಡಿದ ಜಾಗ, ಒಂದು ದಿನಾನೂ ತೋರಿಸ್ಲಿಲ್ಲ ನೀವು. ಶಾಲಿನೀನೂ ಬರ್ತಾಳಂತೆ, ಆಗ್ಲೇ ಹೇಳಿಬಿಟ್ಟಿದೀನಿ" ಎಂದರು. ಶಾಲಿನಿ ವಿಮಲಮ್ಮನ ತಂಗಿ, ಜಯನಗರ ನಾಲ್ಕನೇ ಬ್ಲಾಕಿನವಳು. ಅವಳ ಗಂಡ ದೊಡ್ಡ ಇಂಜಿನಿಯರು. ಆ ದೊಡ್ಡ ಇಂಜಿನಿಯರಿಗೆ ಎದುರಾಗಿ ನಲವತ್ತು ವರ್ಷದಿಂದ ವಿಮಲಮ್ಮ ಇಟ್ಟುಕೊಂಡಿದ್ದದ್ದು ಒಬ್ಬ ಸೈಂಟಿಸ್ಟನ್ನು.

ಗುರುವಾರ ಬೆಳಗಿನ ವಾಕಿಂಗಿನಲ್ಲಿ ಚಕ್ರಪಾಣಿ ಕೆರೆ ಏರಿಯ ಮೇಲೆ ನಿಂತು ಬೈರಣ್ಣನಿಗೆ ಫೋನು ಮಾಡಿದರು. ಅವನು ಇನ್ನೂ ಅದೇ ಲಾಯದಲ್ಲಿದ್ದ.

"ಐನೋರೇ. ಏನ್ ಇಷ್ಟ್ ದಿನಕ್ಕೆ? ಸೊಣ್ಣಮ್ಮ ಮೊನ್ನೆ ತಾನೆ ನಿಮ್ಮನ್ನ ಕೇಳ್ತಿದ್ಲು."

"ಶನಿವಾರ ಅಲ್ಲಿಗೆ ಬರ್ತಿದೀನಿ ಕಣಯ್ಯ. ಮನೆಯವಳೂ ಬರ್ತಾಳೆ, ಜೊತೆಗೆ ಹತ್ತು ಜನ."

"ಬನ್ನಿ ಮತ್ತೆ. ಅಮ್ಮಾವ್ರನ್ನ ನಾನು ಒಂದ್ ದಪಾನೂ ನೋಡಿಲ್ಲ."

"ಅದಕ್ಕೇ ಫೋನ್ ಮಾಡ್ದೆ ಬೈರಣ್ಣ. ನನ್ನ ಗುರುತಿದೆ ಅಂತ ತೋರಿಸ್ಕೋಬೇಡ."

ಆ ಕಡೆ ಕುದುರೆಯೊಂದು ಮೂಗಿನಲ್ಲಿ ಬುಸುಗುಟ್ಟಿದ್ದು ಕೇಳಿಸಿತು. "ಆಯ್ತು ಬುಡಿ. ನೀವ್ಯಾರೋ ನಾನ್ಯಾರೋ, ಅಷ್ಟೇ ತಾನೆ" ಎಂದ ಬೈರಣ್ಣ. ಚಕ್ರಪಾಣಿಗೆ ನಾಚಿಕೆಯಾಯಿತು. ಜೊತೆಗೆ ಒಂದು ಭಾರ ಇಳಿದ ಹಾಗೂ ಆಯಿತು, ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಶನಿವಾರ ಎಲ್ಲ ಸಲೀಸಾಗಿಯೇ ನಡೆಯಿತು. ತೂಕದ ಕೋಣೆಯಲ್ಲಿ ಹೆಂಗಸರು ಜಾಕಿಗಳ ಸೊಂಟ ನೋಡಿ ನಿಟ್ಟುಸಿರಿಟ್ಟರು. ಗೌರೀಶಂಕರರು ಕಂಡಕಂಡಲ್ಲಿ ಸೆಲ್ಫಿ ತೆಗೆದರು. ಹಳಬರ ಪೈಕಿ ಯಾರಾದರೂ ಎದುರಾದಾರು ಎಂದು ಚಕ್ರಪಾಣಿ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು ಗುಂಪಿನ ನಡುವೆ ನಡೆದರು. ಹದಿನಾಲ್ಕು ವರ್ಷದಲ್ಲಿ ಗುರುತಿನವರೆಲ್ಲ ಹೋಗಿದ್ದರು. ಇನ್ನೇನು ಮುಗಿಯಿತು ಅನ್ನುವಾಗ, ರೇಸ್ ಕೋರ್ಸಿನ ಕಡೆಯಿಂದ ಜೊತೆಗೆ ಬಂದಿದ್ದ ಹುಡುಗಿ, "ಇದು ಯಾರಿಗೂ ತೋರಿಸಲ್ಲ, ನಿಮಗೋಸ್ಕರ. ದೂರದಿಂದ ನೋಡಿ, ಮಾತಾಡಬೇಡಿ" ಎಂದು ಬಿಳಿ ಸುಣ್ಣದ ಕೋಣೆಯೊಂದರ ಮುಂದೆ ನಿಲ್ಲಿಸಿದಳು. ಆ ಗೋಡೆಯ ಒಂದೊಂದು ಬಿರುಕೂ ಚಕ್ರಪಾಣಿಗೆ ಗೊತ್ತು.

ಅರ್ಧ ಬಾಗಿಲಿನ ಆಚೆ ಒಂದು ಕಂದು ಹೆಣ್ಣು ಕುದುರೆ. ಮೂರನೇ ರೇಸು ಗೆದ್ದು ಬಂದದ್ದು. ಹಗ್ಗ ಹಿಡಿದು ನಿಂತವನು ಬೈರಣ್ಣ. ಕೋಲು ಹಿಡಿದವಳು ರಮ್ಯ ಎಂಬ ಹೊಸಬಳು. ಅವಳಿಗೆ ಶಿಳ್ಳೆ ಬರುತ್ತಿರಲಿಲ್ಲ. ಮೊಬೈಲಿನಲ್ಲಿ ಯಾವುದೋ ವಿಡಿಯೊದ ಶಿಳ್ಳೆ ಹಾಕಿ ಅದನ್ನು ಕುದುರೆಯ ಹೊಟ್ಟೆಯ ಹತ್ತಿರ ಹಿಡಿದಿದ್ದಳು. ಕುದುರೆ ಕಿವಿ ಹಿಂದಕ್ಕೆ ಮಡಿಸಿಕೊಂಡು, ಬೆವರಿಳಿಸುತ್ತ, ಕಾಲು ಬದಲಿಸುತ್ತ ನಿಂತಿತ್ತು.

"ಐವತ್ತು ನಿಮಿಷ ಆಯ್ತು ಅಣ್ಣ" ಎಂದಳು ರಮ್ಯ. "ಒಂದು ಗಂಟೆ ಆದ್ರೆ ಡಾಕ್ಟರು ಸೂಜಿ ಹಾಕಿ ರಕ್ತ ತಗೋತಾರೆ. ರೂಲ್ಸು."

"ಪುಟ್ಟಿಗೆ ಸೂಜಿ ಬ್ಯಾಡ ಕಣವ್ವ. ಹೋದ್ ಸಲ ಸೂಜಿ ಕಂಡು ಎಗರಿ ಗ್ವಾಡೆಗೆ ಒದ್ಕಂಡು ಎರಡ್ ತಿಂಗಳು ಕುಂಟ್ತು. ಇನ್ನೊಂದ್ ಸಲ ಕಾಲ್ಗೆ ಬಿದ್ರೆ ಇದರ ಓಟ ಮುಗೀತು." ಬೈರಣ್ಣ ತಾನೇ ತುಟಿ ಕೂಡಿಸಿ ಊದಿದ. ಮುಂದಿನ ಹಲ್ಲು ಒಂದೂ ಇರಲಿಲ್ಲ, ಬರೀ ಗಾಳಿ ಹೊರಟಿತು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ಬೈರಣ್ಣ ತಲೆಯೆತ್ತಿ ಗುಂಪಿನ ಕಡೆ ನೋಡಿದ. ಅವನ ಕಣ್ಣು ಚಕ್ರಪಾಣಿಯ ಮೇಲೆ ಬಂದು, ಅಲ್ಲಿ ನಿಲ್ಲದೆ, ಗೌರೀಶಂಕರರ ಮೇಲೆ ಹೋಯಿತು. ಕೊಟ್ಟ ಮಾತು ಉಳಿಸಿಕೊಂಡಿದ್ದ.

ಚಕ್ರಪಾಣಿಯ ತುಟಿಗಳು ತಮ್ಮಷ್ಟಕ್ಕೆ ತಾವೇ ಮುಂದೆ ಬಂದಿದ್ದವು. ಅವರಿಗೆ ಗೊತ್ತಿತ್ತು, ಐದು ನಿಮಿಷ ಬೇಡ, ಮೂರು ಸಾಕು. ಕುದುರೆಯ ಹಿಂಗಾಲು ಆಗಲೇ ಸಡಿಲವಾಗಿದೆ, ಕಿವಿಯೊಂದು ಶಾಂತವಾಗಬೇಕು ಅಷ್ಟೇ. ಆ ಮೊಬೈಲು ಆರಿಸಮ್ಮ ಎಂದು ಹೇಳಬೇಕು. ಪಕ್ಕದಲ್ಲಿ ಶಾಲಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಥೂ, ಇದಕ್ಕೂ ಒಬ್ರನ್ನ ಇಟ್ಟಿರ್ತಾರಾ?" ಎಂದು ಪಿಸುಗುಟ್ಟಿದಳು. ಚಕ್ರಪಾಣಿ ಮುಂದೆ ಬಂದಿದ್ದ ತುಟಿಗಳನ್ನು ಒಳಗೆಳೆದುಕೊಂಡರು. ಗೋಡೆಯ ಗಡಿಯಾರದಲ್ಲಿ ಇನ್ನು ಎಂಟು ನಿಮಿಷ.

ಆರು ನಿಮಿಷ. ಕೈಯಲ್ಲಿ ಪೆಟ್ಟಿಗೆ ಹಿಡಿದು ಡಾಕ್ಟರು ಬಂದು ನಿಂತರು. ಪುಟ್ಟಿ ಪೆಟ್ಟಿಗೆಯನ್ನು ನೋಡಿ ಹಿಂದೆ ಸರಿಯಿತು. ಬೈರಣ್ಣ ಅದರ ಕತ್ತಿಗೆ ಹಣೆ ಒತ್ತಿ ಏನೇನೋ ಹೇಳುತ್ತಿದ್ದ. ಸೊಣ್ಣಮ್ಮ ಒಗೆದ ಖಾಕಿಯ ವಾಸನೆ ಚಕ್ರಪಾಣಿಗೆ ಎಲ್ಲಿಂದಲೋ ಬಂದ ಹಾಗಾಯಿತು. ಹಾಳಾಗಿ ಹೋಗಲಿ ಈ ಸೈಂಟಿಸ್ಟು, ಎಂದುಕೊಂಡರು. ನಲವತ್ತು ವರ್ಷದಲ್ಲಿ ಮೊದಲ ಸಲ ಎದೆ ಹಗುರವಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಅರ್ಧ ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟರು.

ಹಿಂದಿನಿಂದ ಯಾರೋ ಮುಂಗೈ ಹಿಡಿದರು. ವಿಮಲಮ್ಮ. ಬಳೆ ಚರ್ಮಕ್ಕೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದರು.

"ಬೇಡ" ಎಂದರು, ಅವರಿಗೊಬ್ಬರಿಗೇ ಕೇಳುವ ಹಾಗೆ.

"ಏನು ಬೇಡ?"

"ಶಿಳ್ಳೆ ಹೊಡೀಬೇಡಿ."

ಚಕ್ರಪಾಣಿ ಹೆಂಡತಿಯ ಮುಖ ನೋಡಿದರು. ಆಕೆ ಕುದುರೆಯ ಕಡೆಯೇ ನೋಡುತ್ತಿದ್ದರು, ಎಲ್ಲರ ಹಾಗೆ, ಸ್ವಲ್ಪ ಕುತೂಹಲದಿಂದ. "ಮದುವೆಯಾದ ವರ್ಷ ಒಂದಿನ ಊಟದ ಡಬ್ಬಿ ಮರೆತು ಬಂದಿದ್ರಿ. ತಗೊಂಡು ಬಂದೆ. ಗೇಟಲ್ಲಿ ಕೇಳಿದ್ರೆ, ಶಿಳ್ಳೆ ಐನೋರಾ, ಅಲ್ಲಿದಾರೆ ನೋಡಿ ಅಂದ. ನೋಡ್ದೆ. ಡಬ್ಬಿ ವಾಪಸ್ ತಗೊಂಡು ಹೋದೆ."

"ನಿನಗೆ ಗೊತ್ತಿತ್ತಾ?" ಚಕ್ರಪಾಣಿ ಅವಳ ಕಡೆ ಬಾಗಿದರು. "ಅಲ್ಲ ಕಣೇ, ನಾನು ದಿನಾ..."

"ಆಮೇಲೆ ಮಾತಾಡೋಣ. ಶಾಲಿನಿ ಇದಾಳೆ. ಟೋಪಿ ಹಾಕ್ಕೊಳಿ."

ಇಷ್ಟು ವರ್ಷ ತಾನು ಒಬ್ಬನೇ ಒಳಗಿದ್ದೇನೆ, ಬಾಗಿಲ ಚಿಲಕ ತನ್ನ ಕೈಯಲ್ಲೇ ಇದೆ, ಧೈರ್ಯ ಬಂದ ದಿನ ತೆಗೆಯಬಹುದು ಎಂದು ಚಕ್ರಪಾಣಿ ನಂಬಿಕೊಂಡಿದ್ದರು. ಆ ಚಿಲಕವನ್ನು ಹೊರಗಿನಿಂದ ವಿಮಲಾ ಹಾಕಿದ್ದಳು. ಹಾಕಿದ ಮೇಲೆ ತಾನೂ ಕದಲದೆ ಅಲ್ಲೇ ಕಾವಲಿಗೆ ನಿಂತಿದ್ದಳು. ಅವಳ ಮೇಲೆ ಸಿಟ್ಟು ಬಂತು. ಮರುಕ್ಷಣವೇ, ಆ ಡಬ್ಬಿ ಹಿಡಿದುಕೊಂಡು ಬಸ್ಸಿನಲ್ಲಿ ವಾಪಸು ಹೋದ ಇಪ್ಪತ್ತೆರಡು ವರ್ಷದ ಹುಡುಗಿಯನ್ನು ನೆನೆದು ಸಿಟ್ಟು ಮಾಡಲೂ ಆಗಲಿಲ್ಲ. ಮುಂಗೈ ಇನ್ನೂ ಅವಳ ಹಿಡಿತದಲ್ಲೇ ಇತ್ತು. ಕೊಸರಿಕೊಂಡಿದ್ದರೆ ಬಿಡಿಸಿಕೊಳ್ಳಬಹುದಿತ್ತು. ಅವರು ಟೋಪಿ ಹಾಕಿಕೊಂಡರು.

ಗಂಟೆ ತುಂಬಿತು. ಡಾಕ್ಟರು ಒಳಗೆ ಹೋದರು. ಸೂಜಿ ಕತ್ತಿನ ಹತ್ತಿರ ಬರುತ್ತಲೇ ಪುಟ್ಟಿ ಮುಂಗಾಲೆತ್ತಿ ನಿಂತಿತು. ಹಗ್ಗ ಬಿಟ್ಟು ಓಡಿ ಬರಬಹುದಿತ್ತು ಬೈರಣ್ಣ, ಬಿಡಲಿಲ್ಲ. ಕುದುರೆಯ ಕಾಲಿಗೂ ಗೋಡೆಗೂ ನಡುವೆ ತಾನೇ ಹೋಗಿ ನಿಂತ. ಧಡ್ ಎಂದು ಸದ್ದಾಯಿತು. ಹೆಂಗಸರು ಹಿಂದೆ ಸರಿದರು. ಕುದುರೆಗೆ ಏನೂ ಆಗಲಿಲ್ಲ. ರಕ್ತ ತೆಗೆದದ್ದಾಯಿತು, ಚೀಟಿ ಅಂಟಿಸಿದ್ದಾಯಿತು.

ಬೈರಣ್ಣ ಬಲಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಎಡಗೈಯಲ್ಲಿ ಹಗ್ಗ ಹಿಡಿದು ಹೊರಗೆ ಬಂದ. ಭುಜ ಒಂದು ಕಡೆ ಇಳಿದಿತ್ತು. ಗುಂಪು ದಾರಿ ಬಿಟ್ಟಿತು. ಚಕ್ರಪಾಣಿಯ ಮುಂದೆ ಬಂದಾಗ ಅವನು ಹಗ್ಗವನ್ನು ಗಿಡ್ಡ ಮಾಡಿಕೊಂಡು, "ಸ್ವಲ್ಪ ಸರೀರಿ ಸಾರ್, ಕುದುರೆ ಗಾಬರಿ ಆಗೈತೆ" ಎಂದ.

ಮೂವತ್ತೊಂದು ವರ್ಷದಲ್ಲಿ ಅವನ ಬಾಯಲ್ಲಿ ಸಾರ್ ಎಂದು ಕೇಳಿದ್ದು ಅದೇ ಮೊದಲು. ಚಕ್ರಪಾಣಿ ಸರಿದು ನಿಂತರು.

ವಾಪಸು ಬರುವಾಗ ಬಾಡಿಗೆಯ ಟೆಂಪೊ ಟ್ರಾವೆಲರ್ ಗಾಡಿ ಸೌತ್ ಎಂಡ್ ಸರ್ಕಲ್ಲಿನ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಿತು. ಗೌರೀಶಂಕರರು ಮೈಕು ತಗೊಂಡು ಎದ್ದರು. "ಆ ರಕ್ತ, ಉಚ್ಚೆ ಎಲ್ಲಾ ಲ್ಯಾಬಿಗೆ ಹೋದ್ಮೇಲೆ ಏನಾಗುತ್ತೆ ಅಂತ ನಮ್ಮ ಸೈಂಟಿಸ್ಟ್ ಸಾಹೇಬ್ರು ಈಗ ಹೇಳ್ತಾರೆ" ಎಂದು ಮೈಕನ್ನು ಚಕ್ರಪಾಣಿಯ ಕೈಗೆ ತುರುಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. "ಹೇಳಿ ಭಾವ" ಎಂದಳು ಶಾಲಿನಿ, ಹಿಂದಿನ ಸೀಟಿನಿಂದ.

ಚಕ್ರಪಾಣಿ ಕಿಟಕಿಯ ಕಡೆ ನೋಡಿದರು. ಗಾಡಿ ಅಲ್ಲಾಡುತ್ತಿರಲಿಲ್ಲ. ಬೈರಣ್ಣನ ಭುಜ ಮುರಿದಿರಬಹುದೇ, ಯಾರಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿರಬಹುದೇ, ಸೊಣ್ಣಮ್ಮನಿಗೆ ಫೋನು ಮಾಡಿದರೆ ಏನು ಹೇಳುವುದು ಎಂದು ಯೋಚಿಸುತ್ತಿದ್ದರು. ವಿಮಲಮ್ಮ ಅವರ ಷರಟಿನ ಕಾಲರು ಸರಿ ಮಾಡಿ, "ಹೇಳೀಂದ್ರೆ, ಎಲ್ರೂ ಕಾಯ್ತಿದಾರೆ" ಎಂದರು.

"ಮೊದಲು ಸ್ಯಾಂಪಲ್ ಬರುತ್ತೆ" ಎಂದು ಶುರು ಮಾಡಿದರು ಚಕ್ರಪಾಣಿ. "ಬಂದ ತಕ್ಷಣ ನಾವು ಸೀಲ್ ಚೆಕ್ ಮಾಡ್ತೀವಿ."

ವಿಮಲಮ್ಮ ಅವರ ಕಡೆ ತಿರುಗಿ ಕೂತು, ಮೊದಲ ಸಲ ಕೇಳುವವರ ಹಾಗೆ, "ಆಮೇಲೆ ಏನ್ ಮಾಡ್ತಿದ್ರಿ?" ಎಂದು ಕೇಳಿದರು.