ಹಳೇ ನೀರಿನ ಸೀಮಂತ

ನನ್ನದೊಂದು ದುರಭ್ಯಾಸವನ್ನು ನಿಮ್ಮ ಹತ್ತಿರ ಒಪ್ಪಿಕೊಂಡುಬಿಡುತ್ತೇನೆ. ನಲ್ಲಿಯಲ್ಲಿ ಹೊಸ ನೀರು ಬರುವ ಸದ್ದು ಕೇಳಿದ ತಕ್ಷಣ ಮನೆಯಲ್ಲಿರುವ ಹಳೇ ನೀರನ್ನೆಲ್ಲ ಚೆಲ್ಲಿಬಿಡುತ್ತೇನೆ. ನಮ್ಮಮ್ಮ ಹಾಗೆ ಮಾಡುತ್ತಿದ್ದರು, ಅವರಮ್ಮನೂ ಮಾಡುತ್ತಿದ್ದರಂತೆ. ಕೊಡದಲ್ಲಿ ಒಂದು ರಾತ್ರಿ ಕಳೆದ ನೀರೆಂದರೆ ನಮ್ಮ ಪಾಲಿಗೆ ಹಳಸಿದ ಹುಳಿಯಿದ್ದ ಹಾಗೆ.

ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವಳು ನಾನು. ಕಡಲು ಆವಿಯಾಗಿ, ಮೋಡವಾಗಿ, ಮಳೆಯಾಗಿ, ಹೊಳೆಯಾಗಿ ಮತ್ತೆ ಕಡಲಿಗೇ ಸೇರುವ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ಭೂಮಿಯ ನೀರೆಲ್ಲ ಬೆಟ್ಟಗುಡ್ಡಗಳಷ್ಟು ಹಳೆಯದು ಎಂದು ಮಕ್ಕಳಿಗೆ ಗಂಭೀರವಾಗಿ ಹೇಳುತ್ತಿದ್ದೆ. ಮನೆಗೆ ಬಂದು ನಿನ್ನೆಯ ಕಾವೇರಿಯನ್ನು ಬಚ್ಚಲಿಗೆ ಸುರಿಯುತ್ತಿದ್ದೆ.

ಈಚಿನ ಒಂದು ಬೇಸಿಗೆಯಲ್ಲಿ ಇದಕ್ಕೆ ಸರಿಯಾದ ಶಾಸ್ತಿಯಾಯಿತು. ಚಾಮರಾಜಪೇಟೆಯ ನಮ್ಮ ವಠಾರದ ಬೋರ್‌ವೆಲ್ ಬತ್ತಿತ್ತು. ನಲ್ಲಿ ನೀರು ವಾರಕ್ಕೆ ಎರಡೇ ದಿನ. ಟ್ಯಾಂಕರಿನವನು ಫೋನೇ ಎತ್ತುತ್ತಿರಲಿಲ್ಲ. ಅಂಥದ್ದರಲ್ಲಿ ಎದುರು ಮನೆಯ ಸರೋಜಮ್ಮನ ಮಗಳು ಕಾವ್ಯಳ ಸೀಮಂತ, ನಲವತ್ತು ಜನರ ಊಟ. ಅಡುಗೆಗೆಂದೇ ಸರೋಜಮ್ಮ ಹಿಂದಿನ ದಿನ ನಮ್ಮ ಮನೆಯ ಎರಡು ಡ್ರಮ್ಮುಗಳಲ್ಲಿ ನೀರು ತುಂಬಿಸಿಟ್ಟಿದ್ದರು. ಮಿಸ್ಸು ಜವಾಬ್ದಾರಿಯವರು ಎಂಬ ನಂಬಿಕೆ.

ಬೆಳಗ್ಗೆ ನಲ್ಲಿ ಬುಸ್ಸೆಂದಿತು. ನಿದ್ದೆಗಣ್ಣಿನಲ್ಲೇ ಹೋಗಿ ಎರಡೂ ಡ್ರಮ್ ಬಗ್ಗಿಸಿ, ಉಜ್ಜಿ ತೊಳೆದು, ನಲ್ಲಿಯ ಕೆಳಗಿಟ್ಟು ನಿಂತೆ. ಬಂದದ್ದು ಬರೀ ಗಾಳಿ.

ಸರೋಜಮ್ಮನ ಮುಂದೆ ಹೋಗಿ ನಿಂತೆ. ಚೊಚ್ಚಲ ಬಸುರಿಯ ಸೀಮಂತವನ್ನು ನನ್ನ ಕೈಯಾರೆ ಕೆಡಿಸಿದೆನಲ್ಲ ಎಂಬ ಸಂಕಟ. ನಡೆದದ್ದನ್ನು ಹೇಗೋ ಹೇಳಿದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಚೆಲ್ಲಿದ್ದು ಚೆಲ್ಲಾಯ್ತು ಬಿಡಿ ಮಿಸ್. ಬೀದೀಲಿ ಇಷ್ಟು ಮನೆ ಇದಾವಲ್ಲ, ಮನೆಗೊಂದು ಕೊಡ ಕೇಳ್ಕೊಂಡು ಬನ್ನಿ. ಹಳೇ ನೀರಾದ್ರೂ ಪರವಾಗಿಲ್ಲ."

ಕೇಳಿದೆ. ಅಂಥ ಬರದಲ್ಲೂ ಇಲ್ಲವೆಂದವರು ಒಬ್ಬರೂ ಇಲ್ಲ. ನಮ್ಮ ಬೀದಿಯ ಬಗ್ಗೆ ನನಗೆ ಹೆಮ್ಮೆಯಿದೆ, ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ. ಆಮೇಲೆ ಸರೋಜಮ್ಮನ ದರ್ಬಾರು ನೀವು ನೋಡಬೇಕಿತ್ತು. ತರಕಾರಿ ತೊಳೆದ ನೀರಿನಲ್ಲೇ ಪಾತ್ರೆಯ ಜಿಡ್ಡು ತೆಗೆಯಬೇಕು, ಆ ನೀರು ತೆಂಗಿನ ಬುಡ ಸೇರಬೇಕು. ಊಟ ಬಾಳೆಲೆಯಲ್ಲಿ. ಕೈ ತೊಳೆಯಲು ಯಾರೂ ತಾವಾಗಿ ನೀರು ಮುಟ್ಟುವಂತಿಲ್ಲ. ಚೊಂಬು ಹಿಡಿದು ಎಲ್ಲರ ಕೈಗೂ ನೀರು ಹಾಕುವ ಕೆಲಸ ನನ್ನದು. ಅದು ನನ್ನ ಶಿಕ್ಷೆಯೆಂದು ಇಬ್ಬರಿಗೂ ಗೊತ್ತಿತ್ತು.

ನಗರ್ತಪೇಟೆಯಿಂದ ಬಂದಿದ್ದ ಬೀಗರ ಕಡೆಯ ಅಜ್ಜಿಗೆ ಗೊತ್ತಿರಲಿಲ್ಲ. "ಕೈಗೆ ನೀರು ಹಾಕಿ ಮರ್ಯಾದೆ ಮಾಡೋರು ಈಗೆಲ್ಲಿದಾರಮ್ಮ, ನೀನು ಚೆನ್ನಾಗಿರು" ಎಂದು ಹರಸಿದರು. ನಾನೂ ವಿನಯದಿಂದ ತಲೆಬಾಗಿ ಆಶೀರ್ವಾದವನ್ನು ಜೇಬಿಗಿಳಿಸಿದೆ. ನಲವತ್ತು ಜೊತೆ ಕೈಗೆ ಎರಡು ಕೊಡ ನೀರು ಪೂರ್ತಿ ಖರ್ಚಾಗಲಿಲ್ಲ. ಮೂವತ್ತು ವರ್ಷದ ಪಾಠದಲ್ಲೂ ಅಷ್ಟು ಬೀಗಿದವಳಲ್ಲ ನಾನು.

ಕೊನೆಯಲ್ಲಿ ಕಾವ್ಯ ಬಂದು ಹಸಿರು ಬಳೆಯ ಕೈ ಚಾಚಿದಳು. ನನ್ನ ಅಳತೆಯಷ್ಟು ಹಾಕಿ ಚೊಂಬನ್ನು ನೇರ ಮಾಡಿದೆ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಮಿಸ್, ನಾವಿಬ್ರು ಇದೀವಿ" ಎಂದು ನಕ್ಕಳು.

ಚೊಂಬನ್ನು ಮತ್ತೊಮ್ಮೆ ಬಗ್ಗಿಸಿದೆ. ಅಷ್ಟು ಹೊತ್ತಿನಿಂದ ಎಲ್ಲರ ಪಾಲನ್ನೂ ಅಳೆದು ಹಂಚಿದವಳಿಗೆ, ಇನ್ನೂ ಹುಟ್ಟದವರಿಗೂ ಒಂದು ಪಾಲು ಎತ್ತಿಡಬೇಕೆಂಬುದು ಹೊಳೆದೇ ಇರಲಿಲ್ಲ.