ಬಳೆ ಸದ್ದಿಗೆ ಬರುತ್ತಿದ್ದ ಮೀನುಗಳು

ಖಾನಾಪುರದ ನನ್ನ ತವರುಮನೆಯ ಹಿಂದೆ ಮಲಪ್ರಭೆಗೆ ಇಳಿಯುವ ಮೆಟ್ಟಿಲುಗಳಿದ್ದವು. ಅಕ್ಕಿ ತೊಳೆದ ನೀರನ್ನು ಅವ್ವ ಎಂದೂ ಮೋರಿಗೆ ಚೆಲ್ಲಿದವಳಲ್ಲ. ಮೆಟ್ಟಿಲಿಗೆ ಒಯ್ದು, ಬಳೆಗಳಿಂದ ಪಾತ್ರೆಯ ಅಂಚು ತಟ್ಟಿ ಹೊಳೆಗೆ ಸುರಿಯುತ್ತಿದ್ದಳು. ಆ ಸದ್ದಿಗೆ ಕಿರುಬೆರಳಿನಷ್ಟು ಮೀನುಗಳು ಓಡೋಡಿ ಬರುತ್ತಿದ್ದವು.

ಎರಡು ಸಾವಿರನೆಯ ಇಸವಿಯ ಆಸುಪಾಸಿನಲ್ಲಿ ಮದುವೆಯಾಗಿ ಬೆಳಗಾವಿಯ ವಡಗಾವಿಗೆ ಬಂದೆ. ಇಲ್ಲಿ ಹಿತ್ತಲಿನಾಚೆ ಇದ್ದದ್ದು ಒಂದು ನಾಲಾ. ಮೇಲಿನ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರಖಾನೆ. ಅಲ್ಲಿಂದ ಒಂದು ದಿನ ಗುಲಾಬಿ ನೀರು, ಒಂದು ದಿನ ತಿಳಿ ನೀಲಿ. ಅಂಥ ನೀರಿನಲ್ಲೂ ಮೀನುಗಳಿದ್ದವು; ತೆಳ್ಳಗೆ, ಬಾಲ ಅಲ್ಲಾಡಿಸಿದಾಗಷ್ಟೇ ಕಾಣುವಂಥವು. ನಾನೂ ಬಳೆ ತಟ್ಟತೊಡಗಿದೆ. ಕೆಲವು ದಿನಗಳಲ್ಲಿ ಅವೂ ಬರತೊಡಗಿದವು. ಅಷ್ಟು ಹೊತ್ತು ನಾನು ಖಾನಾಪುರದಲ್ಲಿರುತ್ತಿದ್ದೆ.

"ಲಿಂಗಾಯತರ ಮನಿ ಸೊಸಿ, ಮೀನದ ಕೂಡ ಬೀಗತನ ಮಾಡ್ಯಾಳ ನೋಡ್ರಿ," ಎಂದು ಅತ್ತೆ ಬಾಜು ಮನೆಯವರಿಗೆ ಹೇಳಿ ನಗುತ್ತಿದ್ದರು.

ನಾಲಾದ ನಾತಕ್ಕೆ ಓಣಿಯ ಹೆಂಗಸರೆಲ್ಲ ಬೇಸತ್ತಿದ್ದರು. ಒಂದು ದಿನ ಅತ್ತೆಯೇ ಮುಂದಾಗಿ ಅವರನ್ನು ಕರೆದುಕೊಂಡು ಕಾರಖಾನೆಗೆ ಹೋದರು. ನಾತ ನಿಲ್ಲಿಸುತ್ತೇನೆ ಎಂದ ಮಾಲೀಕರು ಮಾತಿಗೆ ತಪ್ಪಲಿಲ್ಲ. ಬಿಡುವ ನೀರಿಗೆ, ಅದು ತುಂಬುವ ಟಾಕಿಯಲ್ಲೇ ಬ್ಲೀಚಿಂಗ್ ಪೌಡರ್ ಹಾಕಿಸಿದರು. ನಾತ ಹೋಯಿತು, ಬಣ್ಣವೂ ಹೋಯಿತು. ತಳದ ಕಲ್ಲು ಕಾಣುವಷ್ಟು ತಿಳಿ ನೀರು. ಓಣಿಗೆಲ್ಲ ಖುಷಿ.

ಆ ವಾರವೇ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕಲ್ಲಿಗೆ ಅಂಟಿದ್ದ ಬಸವನಹುಳುಗಳು ಉದುರಿದವು. ಸಂಜೆಯ ಕಪ್ಪೆಗಳೂ ಸುಮ್ಮನಾದವು.

ನನಗೆ ನಾನು ಓದಿದ ಕಾನ್ವೆಂಟಿನಲ್ಲಿ ಮೀನು ಸಾಕಿದ್ದ ಗಾಜಿನ ತೊಟ್ಟಿ ನೆನಪಾಯಿತು. ಅದರ ನೀರು ಬದಲಿಸುವ ಮುಂಚೆ ನಮ್ಮ ಸಿಸ್ಟರು ನಳದ ನೀರನ್ನು ಬಕೆಟ್ಟಿನಲ್ಲಿ ಇಡೀ ದಿನ ಬಿಸಿಲಿಗೆ ಇಡುತ್ತಿದ್ದರು. ಔಷಧಿಯ ವಾಸನೆ ಹೋಗದೆ ಮೀನಿಗೆ ಕೊಡಬಾರದು ಎನ್ನುತ್ತಿದ್ದರು. ಕಾರಖಾನೆಗೆ ಹೋಗಿ ಅದನ್ನೇ ಹೇಳಿದೆ. ಪೌಡರ್ ಹಾಕಿದ ನೀರನ್ನು ಒಂದು ದಿನ ಬಿಸಿಲಲ್ಲಿ ನಿಲ್ಲಿಸಿ ಬಿಡಬಹುದೇ ಎಂದು ಕೇಳಿದೆ.

"ಖರೇ ಐತ್ರಿ ವೈನಿ," ಎಂದರು ಮಾಲೀಕರು. "ಆದ್ರ ಟಾಕಿ ಇರೂದ ಒಂದ. ನೀರ ನಿಂತ್ರ ನಂದು ಕೆಲಸಾನೂ ನಿಲ್ಲತೈತಿ. ಪೌಡರ್ ಹಾಕೂದ ಬಿಟ್ಟ, ನಾತ ಹೊಡೀತಂದ್ರ ನಿಮ್ಮ ಅತ್ತಿಯಾರು ಮತ್ತ ಬರ್ತಾರು!"

ಮರುದಿನವೂ ಅಕ್ಕಿ ತೊಳೆದ ನೀರು ಹಿಡಿದು ನಾಲಾಕ್ಕೆ ಹೋದೆ. ಬಳೆ ತಟ್ಟಿದೆ. ಬಿಳಿ ನೀರು ತಿಳಿ ನೀರಿನಲ್ಲಿ ಹರಡಿ ಹೋಯಿತು, ಅಷ್ಟೇ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಅಂದು ನಗಲಿಲ್ಲ.

ಮುಂದೆ ನಾನು ತವರಿಗೆ ಹೊರಟಾಗ ಸ್ಟೀಲ್ ಡಬ್ಬಿಯೊಂದನ್ನು ಕೈಗಿಟ್ಟರು. "ಬರೂವಾಗ ಒಂದೆರಡು ಮೀನ ತೊಗೊಂಡ ಬಾ. ಕಲ್ಲಿನ ಡೋಣ್ಯಾಗ ನೀರ ತುಂಬಿ ಬಿಸಲಿಗಿ ಬಿಟ್ಟಿರ್ತೀನಿ."

ಖಾನಾಪುರದ ಮೆಟ್ಟಿಲಲ್ಲಿ ಕುಳಿತು ಬಳೆ ತಟ್ಟಿದೆ. ಬಂದವು. ಹೊಳೆಯಲ್ಲಿಟ್ಟ ಪಾದಗಳನ್ನು ಮೊದಲಿನಂತೆಯೇ ಕಚ್ಚಿದವು. ಡಬ್ಬಿ ಮುಳುಗಿಸಲು ಕೈ ಬರಲಿಲ್ಲ. ಇಷ್ಟು ದೊಡ್ಡ ಹೊಳೆ ಬಿಡಿಸಿ ಇವನ್ನೂ ಕರೆದೊಯ್ಯಬೇಕೇ ಅನ್ನಿಸಿತು.

ಮನೆಗೆ ಬಂದಾಗ ಹಿತ್ತಲಿನ ಕಲ್ಲುತೊಟ್ಟಿ, ಆ ಡೋಣಿ, ತುಂಬಿತ್ತು. ಅತ್ತೆ ಡಬ್ಬಿಯ ಮುಚ್ಚಳ ತೆಗೆದು ನೋಡಿದರು.

"ಬರಲಿಲ್ಲೇನು?"

"ಇಲ್ರಿ ಅತ್ತಿ. ಅಲ್ಲೇ ಆರಾಮ ಅದಾವು."

ಅತ್ತೆ ಡಬ್ಬಿ ಕೆಳಗಿಟ್ಟರು. ಡೋಣಿಯ ನೀರನ್ನು ತಂಬಿಗೆಯಲ್ಲಿ ಮೊಗೆದು ದಾಸವಾಳದ ಬುಡಕ್ಕೆ ಹಾಕತೊಡಗಿದರು.