ತಮ್ಮನಿಗಾಗಿ ಕೇಳಿದ ಮಣ್ಣು

ದೊಡ್ಡವರ ನಿಯಮಕ್ಕೆ ದಂಡ ತೆತ್ತವನು ಹನ್ನೊಂದು ದಿನದ ನನ್ನ ತಮ್ಮ. ಸತ್ತ ಮೇಲೂ ಅರ್ಧ ದಿನ ಅವನಿಗೆ ನೆಲ ಸಿಗಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಭೀಮೆಯ ಆಚೆಯ ನಮ್ಮೂರಿನಲ್ಲಿ ಗಲಭೆಯಾಗಿ ಮನೆ ಸುಟ್ಟುಹೋದ ಮೇಲೆ, ಬಸವನ ಬಾಗೇವಾಡಿಯಿಂದ ಇಂಗಳೇಶ್ವರದ ಕಡೆ ಹೋಗುವ ದಾರಿಯ ಒಂದು ಸಣ್ಣ ಊರಿಗೆ ನಾವು ಬಂದಿದ್ದೆವು. ಬೆಂಕಿಯಿಟ್ಟವರ ಮೇಲೆ ಯಾರೂ ದೂರು ಬರೆದುಕೊಳ್ಳಲಿಲ್ಲ, ಅದು ಅನ್ಯಾಯ. ಅಬ್ಬಾ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಕಾದ ಹಂಡೆಗೆ ನವಸಾಗರ ಉಜ್ಜಿದಾಗ ಏಳುವ ಬಿಳಿ ಹೊಗೆಯ ಘಾಟು ನನ್ನ ಲಂಗಕ್ಕೂ ಅಂಟಿತ್ತು. ಕುಂಟಾಟ ಆಡಲು ಹೋದರೆ ಹುಡುಗಿಯರು, “ಕಲಾಯಿ ಬಂತೋ!” ಎಂದು ಮೂಗು ಮುಚ್ಚಿ ಓಡುತ್ತಿದ್ದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಗುರುಗಳು ನನ್ನ ಹೆಸರಿನ ಮುಂದೆ ‘ಪರವೂರು’ ಎಂದು ಬರೆದರು. ಅದೂ ಅನ್ಯಾಯವೇ.

ಪಕ್ಕದ ಮನೆಯ ಗಂಗವ್ವ ಮಾತ್ರ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಬಿಸಿ ಜೋಳದ ರೊಟ್ಟಿ, ನಂಚಿಕೊಳ್ಳಲು ಗುರೆಳ್ಳ ಹಿಂಡಿ ಕೊಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹೊಲವನ್ನು ತಾವೇ ನೋಡಿಕೊಳ್ಳುತ್ತಿದ್ದ ಲಿಂಗಾಯತ ಹೆಂಗಸು.

“ನಿನ್ನ ಕನ್ನಡ ಇನ್ನೂ ಹಸಿ ರೊಟ್ಟಿ ಆಗೇತಿ ನೋಡವ್ವಾ. ಇನ್ನೊಂದ್ಸಲ ಹೊಳ್ಳಿಸಿ ಹಾಕಬೇಕು,” ಎಂದು ನಗುತ್ತಿದ್ದರು.

ಆ ಚಳಿಗಾಲದ ಒಂದು ಬೆಳಿಗ್ಗೆ ತಮ್ಮ ಹಾಲು ಕುಡಿಯಲು ಬಾಯಿ ತೆರೆಯಲಿಲ್ಲ. ಅಮ್ಮಿ ಅವನ ಪಾದಗಳನ್ನು ಉಜ್ಜುತ್ತಲೇ ಇದ್ದಳು. ಅಬ್ಬಾ ಮಸೀದಿಗೆ ಓಡಿದರು. ಜಮಾತಿನ ಹಿರಿಯರು ಕೇಳಿದ್ದು ಒಂದೇ ಮಾತು: “ನಿಮ್ಮೂರ ಜಮಾತಿನ ಚಿಟ್ಟಿ ತಂದೀರೇನು? ಚಿಟ್ಟಿ ಇಲ್ಲದ ಹೊರಗಿನವರಿಗೆ ನಮ್ಮ ಕಬರಸ್ತಾನದಾಗ ಜಾಗ ಇಲ್ರಿ.”

ಸುಟ್ಟ ಊರಿನಿಂದ ಯಾರು ಚಿಟ್ಟಿ ಬರೆಯಬೇಕು? ಚಾವಡಿಯಲ್ಲಿ ಊರಿನ ಲೆಕ್ಕ ಬರೆಯುವ ತಲಾಟಿಯೂ, “ಅದು ನಿಮ್ಮ ನಿಮ್ಮೊಳಗಿನ ಮಾತು,” ಎಂದು ಮುಖ ತಿರುಗಿಸಿದ.

ಹಿರಿಯರ ಮನಸ್ಸು ಕರಗೀತೆಂದು ಅಬ್ಬಾ ಇನ್ನೂ ನಂಬಿದ್ದರು. “ಗಂಗವ್ವಾಕು ಬುಲಾ ಬೇಟಿ. ಮಿಟ್ಟಿ ದೇನಾ ಹೈ ಬೋಲ್,” ಎಂದು ನನ್ನನ್ನು ಕಳುಹಿಸಿದರು. ಮಣ್ಣು ಕೊಡಲು ಬನ್ನಿ, ಅಂದರೆ ದಫನಿಗೆ ಬನ್ನಿ ಎಂದು ಅವರ ಅರ್ಥ. ದಾರಿಯುದ್ದಕ್ಕೂ ಆ ಮಾತನ್ನು ಕನ್ನಡಕ್ಕೆ ಹೊಂದಿಸಿಕೊಂಡು ಹೋಗಿ, ನಾನು ಹೇಳಿದ್ದು ಇಷ್ಟು:

“ಆಯಿ, ಅಬ್ಬಾ ಮಣ್ಣು ಕೊಡ್ರಿ ಅಂದಾರ.”

“ಮಣ್ಣ? ಎದಕ್ಕವ್ವಾ, ಒಲಿ ಮೆತ್ತಾಕೇನು?”

“ತಮ್ಮಗ.”

ಹಂಚಿನ ಮೇಲೆ ರೊಟ್ಟಿ ಕರಿಯಾಯಿತು. ಗಂಗವ್ವ ಅದನ್ನು ತೆಗೆಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

“ಆ ಕೂಸಿಗೆ ಎಷ್ಟರ ಮಣ್ಣು ಬೇಕಾದೀತು? ನಡಿ.”

ನಮ್ಮ ಬಾಗಿಲಲ್ಲಿ ನಿಂತು ಅಬ್ಬಾಗೆ ಹೇಳಿದರು: “ನನ್ನ ಹೊಲದಾಗ ಬನ್ನಿಗಿಡದ ಬಾಜೂಕ ನಮ್ಮ ಮನಿಯವರನ್ನ ಮಣ್ಣ ಮಾಡೇವಿ. ಅವರಿಗೂ ಒಬ್ರ ಇದ್ದು ಬ್ಯಾಸರಾಗೇತಿ. ಕೂಸು ಅಲ್ಲೇ ಮಲಗಲಿ.”

“ನೀನು ಏನಂತ ಕೇಳಿದೆ?” ಎಂದು ಅಬ್ಬಾ ನನ್ನನ್ನು ನೋಡಿದರು. ಉತ್ತರಕ್ಕೆ ಕಾಯದೆ ತಮ್ಮನನ್ನು ಎತ್ತಿಕೊಳ್ಳಲು ಒಳಗೆ ಹೋದರು. ಆ ಮಧ್ಯಾಹ್ನ ಅವರೊಬ್ಬರೇ ನಮಾಜು ಮಾಡಿದರು. ಮೂರು ಹಿಡಿ ಮಣ್ಣನ್ನು ಗಂಗವ್ವ ನನ್ನ ಕೈ ಹಿಡಿದು ಹಾಕಿಸಿದರು. ಮೊದಲ ಬಾರಿಗೆ ಅಮ್ಮಿ ಆ ಊರನ್ನು ‘ನಮ್ಮೂರು’ ಎಂದದ್ದು ಅದೇ ದಿನ.

ಗಂಗವ್ವ ಈಗಿಲ್ಲ. ಹೊಲ ಕೈಬದಲಾಗಿ ನಿವೇಶನಗಳಾಯಿತು. ಬನ್ನಿಗಿಡ ಹೋಯಿತು, ಕಬರು ಯಾವ ಮನೆಯ ಅಡಿಪಾಯದಲ್ಲಿದೆಯೋ ತಿಳಿಯದು. ಕಾಗದ ಕೇಳದೆ ಒಲೆ ಬಿಟ್ಟು ಎದ್ದು ಬರುವ ನೆರೆ ಈಗ ಎಷ್ಟು ಓಣಿಗಳಲ್ಲಿದೆಯೋ, ಅದೂ ನನಗೆ ತಿಳಿಯದು.

ಆ ಊರಿನ ಜಮಾತಿನವರೇ, ಇಟ್ಟಿಗೆ ಭಟ್ಟಿಗೆ ಬಂದು ದುಡಿಯುವ ಕುಟುಂಬಗಳಿಂದ ನೀವು ಇಂದಿಗೂ ಚಿಟ್ಟಿ ಕೇಳುತ್ತೀರಿ. ಬರುವ ಶುಕ್ರವಾರದ ನಮಾಜಿನ ನಂತರ, ಎಲ್ಲರ ಎದುರು, ಆ ನಿಯಮವನ್ನು ಅಳಿಸಿ. ಹೆಣ ಹೊತ್ತು ಬಂದವರನ್ನು ಯಾವ ಊರೆಂದು ಕೇಳಬೇಡಿ, ಗುದ್ದಲಿ ಕೊಡಿ.